ರಿಯಾಯಿತಿಯ ಬೆಲೆಯನ್ನು ತೆರುವವರು ಯಾರು?

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಸಣ್ಣ ಉದ್ಯಮಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಶಿರೂರಿನಿಂದ ಹಂಗಾರಕಟ್ಟೆಯವರೆಗೆ ನಮ್ಮ ಅನೇಕ ಮನೆಗಳಲ್ಲಿ ಒಂದು ಹೊಲಿಗೆ ಯಂತ್ರವಿದೆ. ಬುರ್ಖಾ, ಚೂಡಿದಾರ್, ಶಾಲಾ ಸಮವಸ್ತ್ರ ಹೊಲಿದು ಮನೆ ನಡೆಸುವ ಸಹೋದರಿಯರಿದ್ದಾರೆ. ಅಳತೆ ಕೇಳಿ ಕಪಾಟು ಮಾಡಿಕೊಡುವ ಬಡಗಿಗಳಿದ್ದಾರೆ. ಇವರೆಲ್ಲರಿಗೂ ದಿನನಿತ್ಯ ಎದುರಾಗುವ ಪ್ರಶ್ನೆ ಒಂದೇ: 'ನಮ್ಮವರಲ್ಲವೇ, ಸ್ವಲ್ಪ ಕಡಿಮೆ ಮಾಡಬಾರದೇ?'

ಈ 'ಸ್ವಲ್ಪ' ಎಂದರೆ ಎಷ್ಟು? ಒಂದು ಲೆಕ್ಕ ನೋಡೋಣ. ಒಂದು ಬುರ್ಖಾದ ಬೆಲೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಬಟ್ಟೆ, ನೂಲು, ವಿದ್ಯುತ್ತು, ಸಹಾಯಕಿಯ ಕೂಲಿ ಸೇರಿ 700 ರೂಪಾಯಿ ಖರ್ಚು. ಹೊಲಿದವಳಿಗೆ ಉಳಿಯುವುದು 300. ಶೇ. 20 ರಿಯಾಯಿತಿ ಕೊಟ್ಟರೆ ಕೈಗೆ ಬರುವುದು 800, ಉಳಿಯುವುದು ಕೇವಲ 100. ಗ್ರಾಹಕರಿಗೆ ಐದರಲ್ಲೊಂದು ಭಾಗದ ಉಳಿತಾಯ, ಹೊಲಿದವಳಿಗೆ ಮೂರರಲ್ಲಿ ಎರಡು ಭಾಗದ ನಷ್ಟ! ಮೊದಲಿನ 300 ರೂಪಾಯಿ ಗಳಿಸಲು ಆಕೆ ಮೂರು ಬುರ್ಖಾ ಹೊಲಿಯಬೇಕು. ದೊಡ್ಡ ಮಳಿಗೆಗಳು ಸಿದ್ಧ ಉಡುಪನ್ನು ಸಾವಿರಗಟ್ಟಲೆ ಮಾರಿ ಈ ಕೊರತೆಯನ್ನು ತುಂಬಿಕೊಳ್ಳಬಹುದು. ಆದರೆ ಅಳತೆಗೆ ತಕ್ಕಂತೆ ಹೊಲಿಯುವವಳಿಗೆ ಇರುವುದು ಎರಡೇ ಕೈಗಳು. ದಿನಕ್ಕೆ ಎರಡು ಹೊಲಿಯುವವಳು ಐದು ದಿನದಲ್ಲಿ ಗಳಿಸುತ್ತಿದ್ದುದನ್ನು ಗಳಿಸಲು ಹದಿನೈದು ದಿನ ದುಡಿಯಬೇಕಾಗುತ್ತದೆ.

ಹಾಗಾದರೆ ರಿಯಾಯಿತಿಯೇ ಬೇಡವೇ? ಖಂಡಿತ ಬೇಕು, ಆದರೆ ಅದಕ್ಕೊಂದು ಕಾರಣವಿರಬೇಕು. ರಮಝಾನ್‌ನ ಕೊನೆಯ ಹತ್ತು ದಿನಗಳಲ್ಲಿ ಕೆಲಸ ಕೈಮೀರಿರುತ್ತದೆ. ಆಗ ರಿಯಾಯಿತಿ ಘೋಷಿಸುವುದು ಅರ್ಥಹೀನ. ಅದರ ಬದಲು, ಹಬ್ಬಕ್ಕೆ ಎರಡು ತಿಂಗಳ ಮುಂಚೆ ಬಟ್ಟೆ ತಂದುಕೊಟ್ಟವರಿಗೆ ನೂರಕ್ಕೆ ಐದು ರೂಪಾಯಿ ಬಿಡಿ. ನಿಮ್ಮ ಖಾಲಿ ದಿನಗಳಿಗೆ ಕೆಲಸ ಸಿಗುತ್ತದೆ, ಕೊನೆಯ ಗಳಿಗೆಯ ಒತ್ತಡವೂ ಇಳಿಯುತ್ತದೆ. ಒಂದೇ ಮಾದರಿಯ ಹತ್ತು ಸಮವಸ್ತ್ರ ಬಂದರೆ ಕತ್ತರಿಸುವ ಸಮಯ ಉಳಿಯುತ್ತದೆ. ಆ ಉಳಿತಾಯದಲ್ಲಿ ಪಾಲು ಕೊಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಗಂಗೊಳ್ಳಿಯ ಮನೆಗಳಲ್ಲಿ ಹಣದ ಓಡಾಟ ಕಡಿಮೆ. ಆಗ ಬೆಲೆ ಇಳಿಸುವ ಬದಲು ಎರಡು ಕಂತುಗಳಲ್ಲಿ ಹಣ ಪಡೆಯುವುದು ಇಬ್ಬರಿಗೂ ಹಿತ.

ನಮ್ಮ ದೇಶದ ಖಾದಿಯ ಅನುಭವವೂ ಇಲ್ಲಿ ಪಾಠವಾಗಿದೆ. ಬಹುಕಾಲ ಖಾದಿಗೆ ಸರಕಾರ ಮಾರಾಟದ ಮೇಲೆ ರಿಯಾಯಿತಿ ಕೊಡುತ್ತಿತ್ತು. ಜನರು ಗಾಂಧಿ ಜಯಂತಿಯ ರಿಯಾಯಿತಿಗಾಗಿ ಕಾಯುವುದನ್ನು ಕಲಿತರು. 2010ರ ಏಪ್ರಿಲ್‌ನಿಂದ ಕೇಂದ್ರ ಸರಕಾರ ಇದನ್ನು ಬದಲಿಸಿ, ಉತ್ಪಾದನೆಯ ಮೌಲ್ಯದ ಶೇ. 20ರಷ್ಟು ನೆರವು ನೀಡುವ ಯೋಜನೆ ತಂದಿತು. ಅದರಲ್ಲಿ ಶೇ. 25ರಷ್ಟನ್ನು ನೂಲುವವರಿಗೆ, ನೇಯುವವರಿಗೆ ಮೀಸಲಿಟ್ಟಿತು. ಕೊಳ್ಳುವವನಿಗಷ್ಟೇ ಅಲ್ಲ, ದುಡಿಯುವವನಿಗೂ ಪಾಲು ಸಿಗಬೇಕೆಂಬ ವಿವೇಕ ಅದರಲ್ಲಿತ್ತು.

ಇನ್ನೊಂದು ರೋಗವಿದೆ. ಬೆಲೆಯನ್ನು ಮೊದಲು ಏರಿಸಿ, ಬಳಿಕ 'ರಿಯಾಯಿತಿ' ಎಂದು ಫಲಕ ತೂಗುಹಾಕುವುದು. ಬೆಲೆಯ ಕುರಿತು ಜನರನ್ನು ದಾರಿತಪ್ಪಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನ್ಯಾಯದ ವ್ಯಾಪಾರ ಪದ್ಧತಿ. ಕೊಳ್ಳುವ ಇರಾದೆಯಿಲ್ಲದೆ ಬೆಲೆ ಏರಿಸುವುದನ್ನು ಪ್ರವಾದಿಯವರು(ಸ) ನಿಷೇಧಿಸಿದ್ದಾರೆಂದು ನಮಗೆ ಗೊತ್ತು. ಗ್ರಾಹಕನ ಕಣ್ಣಿಗೆ ಮಣ್ಣೆರಚುವ ಫಲಕ ಅದಕ್ಕಿಂತ ಎಷ್ಟು ದೂರ?

ಗ್ರಾಹಕರು ಉಳಿಯುವುದು ಅಗ್ಗದ ಬೆಲೆಯಿಂದಲ್ಲ. ಅಗ್ಗಕ್ಕಾಗಿ ಬಂದವರು ಇನ್ನೂ ಅಗ್ಗ ಸಿಕ್ಕಲ್ಲಿಗೆ ಹೊರಟುಹೋಗುತ್ತಾರೆ. ಅಳತೆಯ ಪುಸ್ತಕವನ್ನು ಜೋಪಾನವಾಗಿಡಿ. ಹೇಳಿದ ದಿನಕ್ಕೆ ಕೊಡಿ; ಆಗದಿದ್ದರೆ ಮೊದಲೇ ತಿಳಿಸಿ. ಹಳೆಯ ಗ್ರಾಹಕರ ಸಣ್ಣಪುಟ್ಟ ದುರಸ್ತಿಯನ್ನು ಉಚಿತವಾಗಿ ಮಾಡಿಕೊಡಿ. ಒಬ್ಬರಿಗೆ ಗುಟ್ಟಾಗಿ ಬೆಲೆ ಇಳಿಸಬೇಡಿ. ಅದು ಮದುವೆ ಮನೆಯಲ್ಲಿ ಬಯಲಾದಾಗ ನೀವು ಕಳೆದುಕೊಳ್ಳುವುದು ಒಬ್ಬರನ್ನಲ್ಲ, ಹತ್ತು ಮಂದಿಯನ್ನು. ಬಡವರಿಗೆ ಉಚಿತವಾಗಿ ಹೊಲಿದುಕೊಡುವುದು ಪುಣ್ಯದ ಕೆಲಸ. ಆದರೆ ಅದನ್ನು ನಿಮ್ಮ ಪಾಲಿನಿಂದ ಕೊಡಿ, ಸಹಾಯಕಿಯ ಕೂಲಿಯಿಂದ ಅಲ್ಲ.

ಕೊನೆಯದಾಗಿ ಗ್ರಾಹಕರಾದ ನಮ್ಮೊಂದಿಗೆ ಒಂದು ಮಾತು. ನಗರದ ಮಳಿಗೆಯಲ್ಲಿ ಚೀಟಿಯ ಬೆಲೆಯನ್ನು ಮರುಮಾತಿಲ್ಲದೆ ತೆರುವ ನಾವು, ನೆರೆಮನೆಯ ವಿಧವೆಯೊಂದಿಗೆ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಆ ಬಳಿಕ ಹಣವನ್ನು ಮುಂದಿನ ತಿಂಗಳಿಗೆ ಮುಂದೂಡುತ್ತೇವೆ. ಬೆವರಿನ ಕೂಲಿಯ ಕುರಿತ ಪ್ರವಾದಿ ವಚನವನ್ನು ವೇದಿಕೆಗಳಲ್ಲಿ ಉಲ್ಲೇಖಿಸುವ ಸಮುದಾಯಕ್ಕೆ ಇದು ಭೂಷಣವೇ? ಆಕೆಗೆ ನಮ್ಮ ಝಕಾತ್ ಬೇಡ, ಆಕೆಯ ದುಡಿಮೆಯ ಪೂರ್ಣ ಬೆಲೆ ಸಾಕು. ಅದನ್ನು ಸಕಾಲದಲ್ಲಿ ಕೊಡುವುದೇ ನಾವು ಆಕೆಗೆ ತೋರಬಹುದಾದ ಅತಿದೊಡ್ಡ ಗೌರವ.