ತಡೆಯುವವನ ಪಾಡು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಗೋಲು ಹೊಡೆದವನ ಹೆಸರು ಎಲ್ಲರ ಬಾಯಲ್ಲಿರುತ್ತದೆ, ತಡೆದವನನ್ನು ಕೇಳುವವರಿಲ್ಲ. ಇಂದು ನಾವು ಹೇಳಹೊರಟಿರುವುದು ಅಂಥ ಒಬ್ಬ ಡಿಫೆಂಡರನ ವಿಚಾರ.

ಚಂಡೀಗಢದ ಸಂದೇಶ್ ಝಿಂಗನ್ ಕೇರಳದ ತಂಡದಲ್ಲಿ ಹಲವು ವರ್ಷ ಆಡಿ, ಕೋಲ್ಕತ್ತಕ್ಕೆ ಹೋಗಿ, 2021ರ ಆಗಸ್ಟಿನಲ್ಲಿ ಕ್ರೊಯೇಷಿಯದ ಶಿಬೆನಿಕ್ ಕ್ಲಬ್ಬನ್ನು ಸೇರಿದರು. ಅಲ್ಲಿ ಅಭ್ಯಾಸದಲ್ಲೇ ಪೆಟ್ಟಾಯಿತು. ಒಂದು ಪಂದ್ಯವನ್ನೂ ಆಡದೆ 2022ರ ಜನವರಿಯಲ್ಲಿ ಕೋಲ್ಕತ್ತಕ್ಕೇ ಮರಳಿದರು.

ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಗಾಡಿ ಹಿಡಿದು ದುಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಯೇ ಬಂಡವಾಳವಾದವನಿಗೆ ಪೆಟ್ಟು ಬಿದ್ದರೆ ಪಗಾರದ ಗತಿಯೇನೆಂದು ಬಲ್ಲೆವು. ಬರಿಗೈಯಲ್ಲಿ ಊರಿಗೆ ಹೋಗುವ ನಾಚಿಕೆಯನ್ನೂ ಬಲ್ಲೆವು.

ಅದೇ ವರ್ಷ ಅವರು ನಮ್ಮ ಬೆಂಗಳೂರು ಎಫ್‌.ಸಿ.ಗೆ ಬಂದರು. ಸೆಪ್ಟೆಂಬರಿನಲ್ಲಿ ಡುರಾಂಡ್ ಕಪ್ಪಿನ ಅಂತಿಮ ಪಂದ್ಯ. ಎದುರಾಳಿ ಮುಂಬಯಿ ಸಿಟಿ! ಹುಟ್ಟಿದೂರೋ, ಅನ್ನ ಕೊಟ್ಟ ಊರೋ? ಠಾಣೆ, ನವಿ ಮುಂಬಯಿಯ ಕನ್ನಡಿಗರಿಗೆ ಇದು ಧರ್ಮಸಂಕಟವೇ ಸರಿ. ಬೆಂಗಳೂರು 2-1ರಿಂದ ಗೆದ್ದಿತು.

2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಕಪ್ಪಿಗಾಗಿ ಭಾರತವೂ ಕುವೈತೂ ಸೆಣಸಿದವು. 1-1 ಸಮವಾಗಿ, ಪೆನಾಲ್ಟಿಯಲ್ಲಿ ಭಾರತ 5-4ರಿಂದ ಗೆದ್ದಿತು. ಆ ಐದರಲ್ಲಿ ಒಂದನ್ನು ಹೊಡೆದವರು, ತಡೆಯುವುದೇ ಕಸುಬಾದ ಈ ಝಿಂಗನ್.