ಬೇರೆ ಇಡುವ ಸರಕಾರ ಅನ್ನವನ್ನೂ ಇಡಲಿ

(ವಾಮದಪದವಿನ ಸಭೆಯಲ್ಲಿ ಮಾಡಿದ ಭಾಷಣ)



ಅಂಟುಜಾಡ್ಯ ತಗುಲಿದವನನ್ನು ಪ್ರತ್ಯೇಕವಾಗಿಡುವ ಅಧಿಕಾರ ಸರಕಾರಕ್ಕೆ ಇರಬೇಕೆ? ಇರಲೇಬೇಕು. ಒಬ್ಬನ ಕೆಮ್ಮು ಹತ್ತು ಮನೆಗೆ ಸಾವನ್ನು ಒಯ್ಯುವಂತಿದ್ದರೆ 'ನನ್ನಿಷ್ಟ' ಎಂಬ ಮಾತಿಗೆ ಬೆಲೆಯಿಲ್ಲ. ಸಿರಿವಂತನು ಬಂಗಲೆಯ ಮಹಡಿಯಲ್ಲಿ ಬೇರೆ ಇರಬಲ್ಲ. ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವ ಬೀಡಿ ಕಾರ್ಮಿಕರ ಮನೆಯಲ್ಲಿ ಅದಾಗದು. ಸರಕಾರಿ ಆಸ್ಪತ್ರೆಯ ಹಾಸಿಗೆ ಹೆಚ್ಚು ಬೇಕಾದದ್ದು ಬಡವನಿಗೇ.

ಆದರೆ ಈ ಅಧಿಕಾರ ಬೆಳೆದು ಬಂದ ದಾರಿ ನೋಡಿ. ಮುಂಬಯಿಯಲ್ಲಿ ಪ್ಲೇಗು ಹಬ್ಬಿದಾಗ, 1897ರಲ್ಲಿ, ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯಿದೆ ಮಾಡಿದರು. ಇದ್ದದ್ದು ನಾಲ್ಕೇ ಕಲಮು. ಸೋಂಕಿನ ಶಂಕೆಯಿದ್ದವರನ್ನು ಬೇರ್ಪಡಿಸಬಹುದು. ಆಜ್ಞೆ ಮೀರಿದರೆ ಶಿಕ್ಷೆ. ಸದುದ್ದೇಶದಿಂದ ನಡೆದುಕೊಂಡ ಅಧಿಕಾರಿಯ ಮೇಲೆ ದಾವೆಯಿಲ್ಲ. ಬೇರ್ಪಡಿಸಿದವನ ಮಕ್ಕಳಿಗೆ ಗಂಜಿ ಎಲ್ಲಿಂದ ಎಂಬ ಬಗ್ಗೆ ಒಂದಕ್ಷರವೂ ಇಲ್ಲ. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿದರು. ಜನ ರೊಚ್ಚಿಗೆದ್ದರು. ಅದೇ ವರ್ಷ ಜೂನ್‌ನಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡ್ ಗುಂಡಿಗೆ ಗುರಿಯಾದ.

ಮರುವರ್ಷವೇ ಕುಷ್ಠರೋಗಿಗಳ ಕಾಯಿದೆ ಬಂತು. ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾಗಿದ್ದುದು ಯಾರನ್ನು? ಭಿಕ್ಷೆ ಬೇಡುವ, ಜೀವನಕ್ಕೆ ದಾರಿಯಿಲ್ಲದ ರೋಗಿಯನ್ನು. ರೋಗ ಎಲ್ಲರಿಗೂ ಒಂದೇ, ಸೆರೆ ಮಾತ್ರ ಬಡವನಿಗೆ! ಔಷಧದಿಂದ ಕುಷ್ಠ ಗುಣವಾಗುತ್ತದೆಂದು ಲೋಕಕ್ಕೆ ತಿಳಿದು ದಶಕಗಳಾದ ಮೇಲೆ, 2016ರಲ್ಲಿ, ಸಂಸತ್ತು ಆ ಕಾಯಿದೆಯನ್ನು ರದ್ದುಮಾಡಿತು.

ಎಷ್ಟು ದಿನ ಬೇರೆ ಇಡಬೇಕು? ಇದನ್ನು ಹೇಳಬೇಕಾದದ್ದು ವೈದ್ಯಶಾಸ್ತ್ರ, ಲಾಠಿಯಲ್ಲ. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ 1956ರಲ್ಲೇ ಮದ್ರಾಸಿನಲ್ಲಿ ಕ್ಷಯದ ಬಗ್ಗೆ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. ಕೆಲವು ರೋಗಿಗಳಿಗೆ ಸ್ಯಾನಟೋರಿಯಮ್ಮಿನಲ್ಲಿ, ಕೆಲವರಿಗೆ ಮನೆಯಲ್ಲೇ ಔಷಧ ಕೊಟ್ಟರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಗುಣವಾದರು; ಅವರ ಮನೆಯವರಿಗೆ ರೋಗ ಹೆಚ್ಚಾಗಿ ಹಬ್ಬಲೂ ಇಲ್ಲ. ಔಷಧ ತಪ್ಪದೆ ಸಿಕ್ಕರೆ ಗೋಡೆಯ ಅಗತ್ಯ ಕಡಿಮೆಯಾಗುತ್ತದೆ.

ಇನ್ನು ನಮ್ಮ ಕಣ್ಣೆದುರಿನ ಮಾತು. 2020ರ ಏಪ್ರಿಲ್‌ನಲ್ಲಿ ಬಂಟ್ವಾಳ ಕಸಬಾದಲ್ಲಿ ಕೊರೋನಾ ಸಾವಾಯಿತು. ಪೇಟೆಗೆ ಬೇಲಿ ಬಿತ್ತು. ಬೇಲಿ ಬೇಕಿತ್ತು, ಒಪ್ಪೋಣ. ಸರಕಾರ ಉಚಿತ ಅಕ್ಕಿ ಕೊಟ್ಟದ್ದೂ ನಿಜ. ಆದರೆ ಸಣ್ಣ ವ್ಯಾಪಾರಿಯ ಅಂಗಡಿ ಮುಚ್ಚಿತು, ಬಾಡಿಗೆ ಮುಚ್ಚಲಿಲ್ಲ. ಬೀಡಿ ಕಟ್ಟಿದಷ್ಟೇ ಮಜೂರಿ. ಎಲೆ ಬಾರದ ಮನೆಯಲ್ಲಿ ಒಲೆ ಉರಿಯದು. ತೀರಿಕೊಂಡ ಹೆಂಗಸಿನ ಶವವನ್ನು ಸುಡುವುದಕ್ಕೂ ಜನ ಅಡ್ಡ ನಿಂತರು. ಬೇಲಿ ಹಾಕಿದ ಸರಕಾರ ಭಯ ಕಳೆಯುವ ಕೆಲಸವನ್ನು ಮೊದಲೇ ಮಾಡಬೇಕಿತ್ತು.

ದಾರಿ ಇಲ್ಲವೆ? ಇದೆ. ಇಎಸ್‌ಐ ಇರುವ ಕಾರ್ಖಾನೆಯ ಅರ್ಹ ಕಾರ್ಮಿಕ ಕಾಯಿಲೆ ಬಿದ್ದರೆ ವರ್ಷದಲ್ಲಿ 91 ದಿನಗಳವರೆಗೆ ಮಜೂರಿಯ ನೂರಕ್ಕೆ 70 ಪಾಲು ಸಿಗುತ್ತದೆ. ಕ್ಷಯ, ಕುಷ್ಠಗಳಿಗೆ ಇನ್ನೂ ದೀರ್ಘಕಾಲದ ನೆರವುಂಟು. ಕಟ್ಟೆಯ ಮೇಲೆ ತರಕಾರಿ ಮಾರುವವಳಿಗೆ ಅದು ಇಲ್ಲ. ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ಆಯಿತು. ಅದು ಆಹಾರಕ್ಕೆ ನೆರವು, ತಪ್ಪಿದ ದುಡಿಮೆಗೆ ಬದಲಲ್ಲ.

ಆದುದರಿಂದ ನಮ್ಮ ಬೇಡಿಕೆ ಇಷ್ಟು: ಬೇರೆ ಇಡುವ ಆಜ್ಞೆಯ ಜೊತೆಗೇ ಮಜೂರಿಯ ಆಜ್ಞೆಯೂ ಬರಲಿ. ಅವಧಿಯನ್ನು ವೈದ್ಯರು ಬರೆದು ಕೊಡಲಿ. ರೋಗಿಯ ಹೆಸರು ಬೀದಿಗೆ ಬೀಳದಿರಲಿ. ಆಜ್ಞೆ ತಪ್ಪೆಂದು ತೋರಿದರೆ ಕೇಳುವವರೊಬ್ಬರು ತಾಲೂಕಿನಲ್ಲೇ ಇರಲಿ.

ಹಸಿದವನು ಬಾಗಿಲು ಮುರಿದು ಹೊರಗೆ ಬರುತ್ತಾನೆ, ರೋಗವೂ ಅವನ ಜೊತೆ ಬರುತ್ತದೆ. ಊರಿನ ಒಳಿತಿಗಾಗಿ ಒಬ್ಬನು ಒಳಗೆ ಕುಳಿತರೆ ಅವನ ಮನೆಯ ಒಲೆ ಊರಿನ ಹೊಣೆ.