ಇಂದು ಉಂಡವನಿಗೂ ನಾಳೆಯ ಭಯ
(ಬಾಗಲೂರಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹಸಿವೆಂದೊಡನೆ ಬರಗಾಲದ ಚಿತ್ರಗಳು ನಮ್ಮ ಕಣ್ಣ ಮುಂದೆ ಬರುತ್ತವೆ. ಅಂಥ ದೃಶ್ಯ ನಮ್ಮೂರಿನಲ್ಲಿಲ್ಲವೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ 1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯು ಆಹಾರ ಭದ್ರತೆಗೆ ನೀಡಿದ ಅರ್ಥ ಇನ್ನೂ ವಿಶಾಲವಾದುದು. ಎಲ್ಲರಿಗೂ, ಎಲ್ಲ ಕಾಲದಲ್ಲೂ, ಸಾಕಷ್ಟು ಪೌಷ್ಟಿಕ ಆಹಾರ ಕೈಗೆಟುಕಬೇಕು ಎಂಬುದು ಅದರ ತಿರುಳು. ಹಾಗಾದರೆ ಇಂದು ಉಂಡು, ನಾಳೆಯ ಊಟದ ಖಾತ್ರಿಯಿಲ್ಲದವನನ್ನು ನಾವು ಏನೆಂದು ಕರೆಯೋಣ?

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಬಳಿಕ ಈ ಭಾಗದ ರಾಗಿ ಹೊಲಗಳಲ್ಲಿ ಬಡಾವಣೆಗಳು ಎದ್ದವು. ಅವನ್ನು ಕಟ್ಟುವವರು ತಗಡಿನ ಶೆಡ್ಡುಗಳಲ್ಲಿ ವಾಸಿಸುತ್ತಾರೆ. ಮಳೆ ಬಂದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಕೂಲಿಯಿಲ್ಲ. ಆಗ ಮೊದಲು ಹಾಲು ನಿಲ್ಲುತ್ತದೆ, ಬಳಿಕ ಬೇಳೆ. ಕೊನೆಗೆ ತಾಯಿಯ ತಟ್ಟೆ ಬರಿದಾಗುತ್ತದೆ. ಅನ್ನದಿಂದ ಹೊಟ್ಟೆ ತುಂಬಬಹುದು, ಆದರೆ ದೇಹ ಬೆಳೆಯುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇದನ್ನು ಹಸಿವೆನ್ನದೆ ಬೇರೇನೆನ್ನಬೇಕು?

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ನಗರವನ್ನು ಕಟ್ಟಿದವರೇ ಅನ್ನಕ್ಕಾಗಿ ಸರದಿಯಲ್ಲಿ ನಿಂತರು. ಗೋದಾಮುಗಳಲ್ಲಿ ಧಾನ್ಯವಿರಲಿಲ್ಲವೇ? ಇತ್ತು. ಅದನ್ನು ಪಡೆಯುವ ದಾರಿ ಅವರಿಗಿರಲಿಲ್ಲ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಅನ್ನವನ್ನು ದಾನದ ಸಾಲಿನಿಂದ ಹಕ್ಕಿನ ಸಾಲಿಗೆ ತಂದಿತು. ಆದರೆ ವಲಸಿಗನ ಪಡಿತರ ಚೀಟಿ ಊರಿನಲ್ಲಿರುತ್ತದೆ, ಅವನ ಹಸಿವು ಇಲ್ಲಿರುತ್ತದೆ. ‘ಒಂದು ರಾಷ್ಟ್ರ, ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಅವನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ನೀಡಿ ತನ್ನ ಪಾಲನ್ನು ಪಡೆಯಬಹುದು. ಇನ್ನೊಂದು ಸಂಗತಿ ಅನೇಕರಿಗೆ ತಿಳಿಯದು. ಅಂಗನವಾಡಿಯಲ್ಲಿ ಗರ್ಭಿಣಿಯರಿಗೂ ಪುಟ್ಟ ಮಕ್ಕಳಿಗೂ ಸಿಗಬೇಕಾದ ಆಹಾರಕ್ಕೆ ಈ ಕಾಯ್ದೆಯಡಿ ಪಡಿತರ ಚೀಟಿಯ ಷರತ್ತಿಲ್ಲ.

ಮದುವೆ, ಹಬ್ಬಗಳಲ್ಲಿ ಉಳಿದ ಊಟವನ್ನು ನಾವು ಹಂಚುತ್ತೇವೆ. ಅದು ಒಳ್ಳೆಯದೇ. ಆದರೆ ಅದು ಒಂದು ದಿನದ ಅನ್ನ. ನಮ್ಮ ಯುವಕರು ವಾರಕ್ಕೊಮ್ಮೆ ಶೆಡ್ಡುಗಳಿಗೆ ಹೋಗಲಿ. ಯಾರ ಬಳಿ ಚೀಟಿಯಿದೆ, ಯಾರ ಮಗು ಅಂಗನವಾಡಿ ಸೇರಿಲ್ಲ ಎಂದು ವಿಚಾರಿಸಲಿ, ಅರ್ಜಿ ಬರೆದುಕೊಡಲಿ, ಜತೆಗೂಡಿ ಕಚೇರಿಗೆ ಹೋಗಲಿ. ಹಸಿದವನ ಧರ್ಮ, ಭಾಷೆ, ರಾಜ್ಯಗಳನ್ನು ಕೇಳುವುದು ಬೇಡ. ನಾಳೆಯೂ ಉಣ್ಣುವೆನೆಂಬ ಭರವಸೆ ಅವನ ಹಕ್ಕು. ಅದನ್ನು ದೊರಕಿಸಿಕೊಡುವ ಹೊಣೆಯಲ್ಲಿ ನಮ್ಮೆಲ್ಲರ ಪಾಲೂ ಇದೆ.